ಒಂದು ಹೃದ್ರೋಗದ ಲಕ್ಷಣವಿಚಾರ

ಲಕ್ಷಣವೆಂಬ ಶಬ್ದವು ವೈದ್ಯಶಾಸ್ತ್ರದಲ್ಲಿ ರೋಗದ ಚಿಹ್ನೆಯನ್ನೂ ತರ್ಕಶಾಸ್ತ್ರದಲ್ಲಿ ಪದಾರ್ಥದ ನಿರ್ವಚನವನ್ನೂ ಹೇಳುವುದು. ಈ ಎರಡರ್ಥಗಳೂ ಒಂದರೊಡನೊಂದು ತೊಡಕಿಕೊಂಡ ಪ್ರಸಂಗವೊಂದು ಆಧುನಿಕ ಹೃದ್ರೋಗಶಾಸ್ತ್ರದ ಇತಿಹಾಸದಲ್ಲಿ ನಡೆದಿದೆ. ತರ್ಕವನ್ನು ಓದಿದ ನಮಗೆ ಅದು ವಿಚಾರಾರ್ಹವೆಂದು ತೋರಿತು.

ಕವಾಟವಾಗಲಿ ನಡುಗೋಡೆಯಾಗಲಿ ಗರ್ಭದಲ್ಲಿಯೇ ಸರಿಯಾಗಿ ರೂಪುಗೊಳ್ಳದಿರುವುದು ಆಜನ್ಮದೋಷ. 1866ರಲ್ಲಿ ಬ್ರೆಸ್ಲಾ ನಗರದ ಎಬ್‌ಸ್ಟೈನನು ಹತ್ತೊಂಬತ್ತು ವರ್ಷದ ಕೂಲಿಗಾರನೊಬ್ಬನ ಶವದಲ್ಲಿ ಬಲಗಡೆಯ ಕವಾಟದ ಇಂಥ ವಿಕೃತಿಯನ್ನು ಕಂಡು ವರ್ಣಿಸಿದನು. ಹೃದಯದ ಮಾಂಸವೇ ಕೆಡುವುದು ಬೇರೊಂದು ಬಗೆ. ಕಾರ್ಡಿಯೋಮಯೋಪತಿ ಎಂಬ ಅದರ ಹೆಸರು ಬ್ರಿಗ್ಡನನ 1957ರ ಲೇಖನದಿಂದ ರೂಢಿಗೆ ಬಂದಿತು. ಗ್ರಂಥಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಅಧ್ಯಾಯಗಳು. ಒಬ್ಬನಲ್ಲಿಯೇ ಎರಡೂ ಇದ್ದರೆ ಅವನು ಯಾವ ಅಧ್ಯಾಯಕ್ಕೆ ಸೇರಬೇಕು?

ಎಡಕುಕ್ಷಿಯ ಗೋಡೆಯು ಒಳಮೈಯಲ್ಲಿ ಗಟ್ಟಿಯಾಗದೆ ಜಾಲರಿಯಂತೆ ಉಳಿದಿರುವ ಹೃದಯಗಳನ್ನು ಮೊದಮೊದಲು ಇತರ ಆಜನ್ಮದೋಷಗಳ ಜೊತೆಗೇ ಗುರುತಿಸಿದ್ದರು. 1990ರಲ್ಲಿ ಚಿನ್ ಮೊದಲಾದವರು ಅಂಥ ದೋಷವಿಲ್ಲದ ಎಂಟು ರೋಗಿಗಳನ್ನು ವರ್ಣಿಸಿ, ‘ಕೇವಲ’ ಎಂಬರ್ಥದ ವಿಶೇಷಣವನ್ನು ರೋಗದ ಹೆಸರಿಗೆ ಸೇರಿಸಿದರು. ಅವರ ಮಟ್ಟಿಗೆ ಅದು ಸಾಧುವೇ. ಆದರೆ 2001ರಲ್ಲಿ ಯೆನ್ನಿ ಮೊದಲಾದವರು, ಬೇರೆ ರಚನಾದೋಷ ಇರಕೂಡದೆಂಬುದನ್ನು ಲಕ್ಷಣದ ಒಂದು ಅಂಗವನ್ನಾಗಿಯೇ ಮಾಡಿದರು. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವಂತೆ, ಇಲ್ಲಿ ಎಬ್‌ಸ್ಟೈನನ ದೋಷವೂ ಜಾಲರಿಯ ಗೋಡೆಯೂ ಕೂಡಿದ ರೋಗಿ ಹೊರಗುಳಿದನು. ಇದು ಸ್ಪಷ್ಟವಾಗಿ ಅವ್ಯಾಪ್ತಿ. 2011ರಲ್ಲಿ ಎಬ್‌ಸ್ಟೈನನ ದೋಷವುಳ್ಳ 141 ಮಂದಿಯನ್ನು ಪರೀಕ್ಷಿಸಿದಾಗ ಎಂಟು ಮಂದಿಯಲ್ಲಿ ಹೃನ್ಮಾಂಸದ ತಂತುವಿಗೆ ಸಂಬಂಧಿಸಿದ ಒಂದೇ ಜೀನು ವಿಕಾರಗೊಂಡಿತ್ತು. ಅವರಲ್ಲಿ ಬಹುಪಾಲಿನವರಿಗೆ ಜಾಲರಿಯ ಗೋಡೆಯೂ ಇತ್ತು. ಎರಡು ಅಧ್ಯಾಯಗಳಿಗೂ ಬೇರು ಒಂದೇ ಇರಬಹುದೆಂದಾಯಿತು.

ಇಷ್ಟರಲ್ಲಿ ಜೀವಂತ ಹೃದಯವನ್ನು ನೋಡುವ ಎಂ.ಆರ್.ಐ. ಯಂತ್ರವು ಬಳಕೆಗೆ ಬಂದಿತ್ತು. ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಗಳನ್ನು ಬಲವಾದ ಅಯಸ್ಕಾಂತದಲ್ಲಿ ರೇಡಿಯೋ ತರಂಗಗಳಿಂದ ಕದಲಿಸಿ, ಅವು ಹಿಂದಿರುಗಿ ಕೊಡುವ ಸಂಕೇತದಿಂದ ಚಿತ್ರವನ್ನು ಕಟ್ಟುವುದು ಇದರ ಕ್ರಮ. 1973ರಲ್ಲಿ ಲಾಟರ್ಬರ್ ತೆಗೆದ ಮೊದಲ ಚಿತ್ರ ನೀರು ತುಂಬಿದ ಎರಡು ನಳಿಕೆಗಳದ್ದು. ಹೃದಯದ ವರೆಗೆ ಬಂದ ದಾರಿ ಸಣ್ಣದಲ್ಲ. 2005ರಲ್ಲಿ ಪೀಟರ್‌ಸನ್ ಮೊದಲಾದವರು ಇದರ ನೆರವಿನಿಂದ, ಹೃದಯ ಸಡಿಲುವಾಗ ಜಾಲರಿಯ ದಪ್ಪವು ಗಟ್ಟಿಗೋಡೆಯ 2.3 ಪಾಲನ್ನು ಮೀರಿದರೆ ರೋಗವೆಂದರು. ಅವರ ಮುಂದಿದ್ದ ಅಂಥ ರೋಗಿಗಳು ಏಳೇ ಮಂದಿ. 2012ರಲ್ಲಿ ಪ್ರಕಟವಾದ ಅಮೆರಿಕದ ಪರಿಶೋಧನೆಯಲ್ಲಿ, ಹೃದ್ರೋಗವೂ ರಕ್ತದೊತ್ತಡವೂ ಇಲ್ಲದ 323 ಮಂದಿಯಲ್ಲಿ ನೂರಕ್ಕೆ 43 ಜನ ಗೋಡೆಯ ಒಂದು ಭಾಗದಲ್ಲಾದರೂ ಈ ಗೆರೆಯನ್ನು ದಾಟಿದರು! ಕೊಂಬುಳ್ಳದ್ದೆಲ್ಲ ಗೋವೆಂದರೆ ಎಮ್ಮೆಯೂ ಗೋವಾಗುವ ಅತಿವ್ಯಾಪ್ತಿಯಿದು. 2023ರಲ್ಲಿ ಯೂರೋಪಿನ ಹೃದ್ರೋಗತಜ್ಞರ ಸಂಘವು ಜಾಲರಿಯನ್ನು ಸ್ವತಂತ್ರ ರೋಗವೆಂದೆಣಿಸದೆ, ಇತರ ವಿಕಾರಗಳೊಡನೆಯೋ ಒಂಟಿಯಾಗಿಯೋ ಕಾಣಬಹುದಾದ ಒಂದು ರೂಪಭೇದವೆಂದು ಮಾತ್ರ ಹೇಳಿತು.

ಇದರಿಂದ ಯಂತ್ರವು ನಿರರ್ಥಕವೆಂದು ನಾವು ಹೇಳುವುದಿಲ್ಲ. ದೋಷವಿದ್ದುದು ಗೆರೆಯಲ್ಲಿ, ಕಣ್ಣಿನಲ್ಲಲ್ಲ. ಬಲಗಡೆಯ ಕವಾಟವನ್ನು ಸರಿಪಡಿಸಹೊರಟ ಶಸ್ತ್ರವೈದ್ಯನಿಗೆ ಜಾಲರಿಯ ದಪ್ಪಕ್ಕಿಂತಲೂ ಎಡಕುಕ್ಷಿಯು ಪ್ರತಿ ಬಡಿತಕ್ಕೂ ಎಷ್ಟು ರಕ್ತವನ್ನು ಹೊರಹಾಕುವುದು, ಮಾಂಸದಲ್ಲಿ ಗಾಯದ ಕಲೆ ಎಲ್ಲಿದೆ ಎಂಬುದೇ ಮುಖ್ಯ. ಗ್ಯಾಡೋಲಿನಿಯಂ ಎಂಬ ದ್ರವ್ಯವನ್ನು ನಾಳಕ್ಕೆ ಹಾಯಿಸಿ ಸುಮಾರು ಹತ್ತು ನಿಮಿಷ ತಡೆದು ನೋಡಿದರೆ, ಅದು ನಲ್ಮಾಂಸದಿಂದ ತೊಳೆದುಹೋಗಿ ಕಲೆಯಲ್ಲಿ ಮಾತ್ರ ತಂಗಿ, ಬೆಳ್ಳಗೆ ಕಾಣುವುದು.