ಗುತ್ತಿ ಸ್ಟೇಷನ್ನಿನ ನೀಲಿ ಜೇಡ

ಬೇಸಿಗೆ ರಜೆ ಬಂತು ಅಂದ್ರೆ ಹೊರನಾಡಿನ ನಮ್ಮಂಥವರು ಊರಿಗೆ ಟಿಕೆಟ್ ಹುಡುಕೋದು ಶುರು. ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ ಎಷ್ಟೋ ರೈಲುಗಳು ಗುತ್ತಿ ದಾಟಿ ಹೋಗುತ್ತವೆ. ಮುಂಬೈನಿಂದ ರಾಯಚೂರು, ಗುಂತಕಲ್ ಮೇಲೆ ಚೆನ್ನೈಗೆ ಹೋಗುವ ಹಳೇ ದಾರಿಯೂ ಅದೇ. ಸಾಮಾನ್ಯವಾಗಿ ಆ ಹೊತ್ತಿಗೆ ನಾವು ಬರ್ತ್ ಮೇಲೆ ಗೊರಕೆ ಹೊಡೀತಿರ್ತೀವಿ. ಇವತ್ತಿನ ಕಥೆ ಆ ಸ್ಟೇಷನ್ನಿನದು, ಅಲ್ಲಿ ಸಿಕ್ಕಿದ ಒಂದು ಜೇಡದ್ದು.

ಇದು ನೆನಪಾಗಿದ್ದು ಹೇಗೆ ಅಂತ ಮೊದಲು ಹೇಳಿಬಿಡ್ತೀನಿ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮಗಳ ಜೊತೆ ಮನೆ ಹತ್ತಿರದ ಗುಡ್ಡಕ್ಕೆ ವಾಕಿಂಗ್ ಹೋಗಿದ್ದೆ. ಹುಲ್ಲೆಲ್ಲ ಒಣಗಿತ್ತು, ಹಕ್ಕಿನೂ ಕಾಣಲಿಲ್ಲ. ಒಂದು ಮಾವಿನ ಮರದಲ್ಲಿ ಮಾತ್ರ ಚಗಳಿ ಇರುವೆಗಳ ಸಾಲು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ ಮಗಳು, “ಅಪ್ಪ, ಈ ಇರುವೆಗೆ ಎಂಟು ಕಾಲು” ಅಂದಳು. ಹೌದು, ಅದು ಇರುವೆ ವೇಷದ ಜೇಡ! ಮುಂದಿನ ಎರಡು ಕಾಲನ್ನು ಮೀಸೆ ಥರ ಎತ್ತಿ ಆಡಿಸ್ತಾ ಓಡಾಡುತ್ತೆ. ಬರಿಗಣ್ಣಿಗೆ ನಾನಂತೂ ನೂರು ಸಲ ಮೋಸ ಹೋಗಿರಬೇಕು. ಖುಷಿಯಲ್ಲಿ ಫೋಟೋನ ಒಂದು ಗ್ರೂಪಿಗೆ ಹಾಕಿದೆ, ಜಾಗದ ಗುರುತು ಸಮೇತ. ಹಿರಿಯರೊಬ್ಬರು ತಕ್ಷಣ, “ಜಾಗ ಅಳಿಸಿ. ಈ ಜೇಡಕ್ಕೆ ಏನೂ ಆಗಲ್ಲ, ಆದ್ರೆ ಅಭ್ಯಾಸ ಕೆಟ್ಟದ್ದು” ಅಂತ ಬರೆದರು. ನನಗೆ ಸ್ವಲ್ಪ ಮುಖ ಸಣ್ಣದಾಯ್ತು. ಯಾಕೆ ಹಾಗಂದರು ಅಂತ ಓದುತ್ತಾ ಹೋದಾಗ ಸಿಕ್ಕಿದ್ದು ಗುತ್ತಿ.

ಗುತ್ತಿ ಈಗ ಆಂಧ್ರದ ಅನಂತಪುರ ಜಿಲ್ಲೆಯಲ್ಲಿದೆ. 1882ರಲ್ಲಿ ಆ ಜಿಲ್ಲೆ ಬೇರೆಯಾಗುವವರೆಗೂ ಅದು ನಮ್ಮ ಬಳ್ಳಾರಿ ಜಿಲ್ಲೆಯ ಊರು. ಮುಂಬೈ-ಮದ್ರಾಸ್ ರೈಲು ಸಂಪರ್ಕ 1871ರಲ್ಲಿ ಪೂರ್ತಿಯಾದ ಮೇಲೆ ಸ್ಟೇಷನ್ನಿಗೆ ಮಹತ್ವ ಬಂತು. ಅಲ್ಲಿನ ರೈಲ್ವೆ ಮರದ ದಿಮ್ಮಿಗಳ ಅಂಗಳದಲ್ಲಿ ಒಂದು ಹೆಣ್ಣು ಜೇಡ ಸಿಕ್ಕಿತು. ಅಂಗೈ ಅಗಲ, ಮೈಯೆಲ್ಲ ಉಕ್ಕಿನಂಥ ನೀಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ರೆಜಿನಾಲ್ಡ್ ಇನ್ನೆಸ್ ಪೊಕಾಕ್ 1899ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿ ‘ಪೀಸಿಲೋಥೀರಿಯಾ ಮೆಟಾಲಿಕಾ’ ಅಂತ ಹೆಸರಿಟ್ಟ. ಭಾರತದ ಜೇಡ, ಚೇಳುಗಳ ಬಗ್ಗೆ 1900ರಲ್ಲಿ ಬಂದ ದೊಡ್ಡ ಸಂಪುಟವೂ ಅವನದೇ. ಆ ಕಾಲದಲ್ಲಿ ಹೊಸ ಜೀವಿಯನ್ನು ದಾಖಲಿಸೋದು ಅಂದ್ರೆ ಸತ್ತ ದೇಹ ಮತ್ತು ಅಳತೆ, ವಿವರಣೆಗಳ ಬರಹ. ಅದು ಬದುಕಿದ್ದಾಗ ಎಲ್ಲಿ ಕೂರುತ್ತಿತ್ತು, ಯಾವ ಮರ, ಏನು ತಿಂತಿತ್ತು, ಯಾವುದೂ ಇಲ್ಲ. ಸಿಕ್ಕಿದ್ದು ಒಂದೇ ಒಂದು ಮಾದರಿ.

ಆಮೇಲೆ ನೂರು ವರ್ಷ ಆ ಜೇಡ ಯಾರಿಗೂ ಸಿಗಲಿಲ್ಲ.

ಗುತ್ತಿಯಲ್ಲಿ ಹುಡುಕಿದರೆ ಹೇಗೆ ಸಿಗುತ್ತೆ ಹೇಳಿ? ಅದರ ಮನೆ ಅದಲ್ಲವೇ ಅಲ್ಲ. ಮತ್ತೆ ಕಂಡಿದ್ದು 2001ರಲ್ಲಿ, ಸುಮಾರು ನೂರು ಕಿಲೋಮೀಟರ್ ಪೂರ್ವಕ್ಕೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಗುಂತಕಲ್ಲಿನಿಂದ ನಂದ್ಯಾಲ ದಾಟಿ ನಲ್ಲಮಲ ಬೆಟ್ಟದೊಳಗೆ ಹೋಗುವ ಹಳಿಯನ್ನು 19ನೇ ಶತಮಾನದ ಕೊನೆಯಲ್ಲೇ ಹಾಕಿದ್ದರು. ಮರದ ಪೊಟರೆಯಲ್ಲಿ ಹಗಲೆಲ್ಲ ಅಡಗಿ ಕೂತು ರಾತ್ರಿ ಹೊರಗೆ ಬರೋದು ಇದರ ಸ್ವಭಾವ. ಹಾಗಾಗಿ ಕಡಿದ ದಿಮ್ಮಿಯ ಜೊತೆ ರೈಲಿನಲ್ಲಿ ಗುತ್ತಿಗೆ ಬಂದಿಳಿದಿರಬೇಕು ಅಂತ ತಿಳಿದವರ ಊಹೆ. ನನಗೂ ಇದೇ ಸರಿ ಅನಿಸುತ್ತೆ. ಟಿಕೆಟ್ ಇಲ್ಲದ ಪ್ರಯಾಣ, ಅಷ್ಟೆ. ಅದಕ್ಕೆ ಇಳಿದ ಸ್ಟೇಷನ್ನಿನ ಹೆಸರೇ ಶಾಶ್ವತ ವಿಳಾಸವಾಗಿಬಿಡ್ತು.

ಆ ನೀಲಿ ಯಾವುದೇ ಬಣ್ಣದ ಪದಾರ್ಥದಿಂದ ಬಂದಿದ್ದಲ್ಲ. ರೋಮಗಳ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ರೀತಿಯಿಂದ ನಮಗೆ ನೀಲಿ ಕಾಣುತ್ತೆ. ಕ್ಯಾಮೆರಾ ಫ್ಲಾಶ್ ಬಿದ್ದರೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತೆ. ತೊಂದರೆ ಶುರುವಾಗಿದ್ದೂ ಅಲ್ಲೇ. ಯುರೋಪ್, ಅಮೆರಿಕದಲ್ಲಿ ದೊಡ್ಡ ಜೇಡ ಸಾಕೋ ಹವ್ಯಾಸದವರು ಬಹಳ. ‘ಗೂಟಿ ಸಫೈರ್’ ಅಂತ ಹೆಸರಿಟ್ಟು ಅವರು ಇದನ್ನು ಕೊಂಡು ಮಾರತೊಡಗಿದರು. ಈಗ ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲೇ ಮರಿ ಮಾಡಿಸ್ತಾರೆ. ಆದ್ರೆ ಅವುಗಳ ಮೂಲ ಸಂತತಿ ನಮ್ಮ ಕಾಡಿನಿಂದಲೇ ಹೋಗಿರಬೇಕಲ್ವಾ?

2008ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ಆ ಲೆಕ್ಕದ ಪ್ರಕಾರ ಇದರ ನೆಲೆ 100 ಚದರ ಕಿಲೋಮೀಟರಿಗಿಂತ ಕಡಿಮೆ, ಅದರಲ್ಲೂ ಸೌದೆಗೆ, ದಿಮ್ಮಿಗೆ ಮರ ಕಡಿಯೋದು ನಡೀತಾನೇ ಇತ್ತು. 2019ರಲ್ಲಿ ಈ ಕುಲದ ಎಲ್ಲ ಜೇಡಗಳನ್ನೂ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದರು. ಅಂದ್ರೆ ದೇಶ ದಾಟಿಸಬೇಕಾದರೆ ಪರವಾನಗಿ ಬೇಕು.

ಗ್ರೂಪಿನ ಆ ಹಿರಿಯರ ಸಿಟ್ಟು ಆಗ ಅರ್ಥವಾಯ್ತು. ಪೊಕಾಕ್‌ಗೆ ಜೇಡ ಸಿಕ್ಕಿತ್ತು, ಅದರ ಜಾಗ ಸಿಗಲಿಲ್ಲ. ಜಾಗ ತಿಳಿಯದ್ದರಿಂದಲೇ ಅದು ನೂರು ವರ್ಷ ನೆಮ್ಮದಿಯಾಗಿತ್ತೋ ಏನೋ. ನಮ್ಮ ಮೊಬೈಲು ಮಾತ್ರ ನಾವು ಕೇಳದಿದ್ದರೂ ಪ್ರತಿ ಫೋಟೋದೊಳಗೆ ಜಾಗದ ಅಂಕಿ ಬರೆದಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡೋಕೆ ಅರ್ಧ ನಿಮಿಷ ಸಾಕು, ನಾನು ಮಾಡಿದೆ. ಮಾವಿನ ಮರದ ಫೋಟೋ ಮಾತ್ರ ಮಗಳು ಅಳಿಸೋಕೆ ಬಿಡಲಿಲ್ಲ, ಅದು ಅವಳ ಮೊದಲ ಜೇಡ.

ಮುಂದಿನ ತಿಂಗಳು ನಾವು ಊರಿಗೆ ಹೊರಟಿದ್ದೀವಿ. ಟೈಮ್‌ಟೇಬಲ್ ನೋಡಿದೆ, ರೈಲು ಗುತ್ತಿಗೆ ಬರೋದು ನಡುರಾತ್ರಿ ದಾಟಿದ ಮೇಲೆ. ಎಬ್ಬಿಸು ಅಂತ ಮಗಳು ಈಗಲೇ ಹೇಳಿಟ್ಟಿದ್ದಾಳೆ.