ಗೆರ್ನಿಕಾಕ್ಕೆ ಹೋಗುವುದಾದರೆ ಸೋಮವಾರ

ಸ್ಪೇನ್ ದೇಶದ ಉತ್ತರ ಕಡಲಂಚಿನಲ್ಲಿ ಬಾಸ್ಕ್ ಜನರ ನಾಡಿದೆ. ಅಲ್ಲಿನ ಸಣ್ಣ ಊರುಗಳನ್ನು ಎರಡೇ ದಿನದಲ್ಲಿ ನೋಡುವುದಾದರೆ ನಾವು ಹಿಡಿಯುವುದು ಬಿಲ್ಬಾವೊ ನಗರದಿಂದ ಹೊರಡುವ ರೈಲು. ಅದು ಗೆರ್ನಿಕಾ, ಮುಂಡಾಕಾ ದಾಟಿ ಮೀನುಗಾರರ ಊರು ಬೆರ್ಮಿಯೊ ಮುಟ್ಟುತ್ತದೆ. ಗೆರ್ನಿಕಾದಲ್ಲಿ ಮಾತ್ರ ಸೋಮವಾರವೇ ಇಳಿಯಬೇಕು. ಅಂದು ಅಲ್ಲಿ ಸಂತೆ.

1937ರ ಏಪ್ರಿಲ್ 26 ಕೂಡ ಸೋಮವಾರ. ಸ್ಪೇನ್‌ನಲ್ಲಿ ಅಂತರ್ಯುದ್ಧ ನಡೆದಿತ್ತು. ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಫ್ರಾಂಕೊ ಪರವಾಗಿ ಜರ್ಮನಿ, ಇಟಲಿಯ ವಿಮಾನಗಳು ಸಂಜೆ ಬಂದು ಸುಮಾರು ಮೂರು ಗಂಟೆ ಬಾಂಬು ಸುರಿದವು. ಊರಿನ ಬಹುಭಾಗ ಸುಟ್ಟುಹೋಯಿತು. ಬೆಂಕಿ ಇಟ್ಟವರು ಬಾಸ್ಕರೇ ಎಂದು ಫ್ರಾಂಕೊ ಕಡೆಯವರು ಸುಳ್ಳು ಹಬ್ಬಿಸಿದರು. ಅಂದೇ ರಾತ್ರಿ ಉರಿಯುವ ಊರಿಗೆ ಹೋಗಿದ್ದ ವರದಿಗಾರ ಜಾರ್ಜ್ ಸ್ಟೀರ್ ಅವರು, ಬಂದದ್ದು ಜರ್ಮನಿಯ ವಿಮಾನಗಳೆಂದು ಬರೆದರು. ಏಪ್ರಿಲ್ 28ರಂದು ಲಂಡನ್ನಿನ ‘ದಿ ಟೈಮ್ಸ್’ ಅದನ್ನು ಅಚ್ಚುಹಾಕಿತು. ಜರ್ಮನಿ ತನ್ನ ಹೊಣೆ ಒಪ್ಪಿಕೊಂಡದ್ದು 1997ರಲ್ಲಿ, ಅರವತ್ತು ವರ್ಷದ ಮೇಲೆ.

ಊರಲ್ಲಿ ಒಂದು ಓಕ್ ಮರವಿತ್ತು. ಹಿಂದಿನಿಂದಲೂ ಬಿಸ್ಕಾಯ ಸೀಮೆಯ ಊರುಗಳ ಪ್ರತಿನಿಧಿಗಳು ಸಭೆ ಸೇರುತ್ತಿದ್ದ ಜಾಗ ಅದು. ನಾಡಿನ ಹಕ್ಕುಗಳನ್ನು ಕಾಯುತ್ತೇವೆಂದು ಅರಸರೂ ಅಲ್ಲಿಗೇ ಬಂದು ಆಣೆ ಇಡಬೇಕಿತ್ತು. ಬಾಂಬಿಗೆ ಮರ ಬೀಳಲಿಲ್ಲ. 2004ರಲ್ಲಿ ಅದು ಒಣಗಿತು, ಈಗ ಅದರ ವಂಶದ ಮರ ಅಲ್ಲಿ ನಿಂತಿದೆ. ಸೋಮವಾರದ ಸಂತೆಯೂ ನಿಂತಿಲ್ಲ.