ಮನೆಗೆ ಬೇಕಾದ ಮರ: ಜಾತಿ, ಹದ, ಮೆರುಗು

ಮನೆ ಕಟ್ಟಿಸುವವರ ಲೆಕ್ಕದ ಪುಸ್ತಕದಲ್ಲಿ ಸಿಮೆಂಟು, ಕಬ್ಬಿಣಗಳ ಬಳಿಕ ಬರುವ ದೊಡ್ಡ ಬಾಬತ್ತು ಮರದ್ದು. ಸಿಮೆಂಟಿನ ಚೀಲದ ಮೇಲೆ ದರ್ಜೆ ಅಚ್ಚಾಗಿರುತ್ತದೆ, ಕಂಬಿಯ ಮೇಲೂ ಗುರುತು ಇರುತ್ತದೆ. ಮರಕ್ಕೆ ಮಾತ್ರ ಮಾರುವವರ ಮಾತೇ ಆಧಾರ. ತೇಗ ಎಂಬ ಒಂದೇ ಹೆಸರಿನಲ್ಲಿ ಕಾಡಿನ ಹಳೆಯ ಮರವೂ ನೆಡುತೋಪಿನ ಎಳೆಯ ಮರವೂ ಮಾರಾಟವಾಗುತ್ತಿವೆ. ಕೊಳ್ಳುವವರು ಹೆಸರಿಗೆ ಹಣ ತೆರುತ್ತಾರೆ. ಆದರೆ ಬಾಗಿಲು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುವುದಕ್ಕೆ ಹೆಚ್ಚಿನ ವೇಳೆ ಕಾರಣ ಮರದ ಜಾತಿಯಲ್ಲ, ಅದರೊಳಗೆ ಉಳಿದ ನೀರು.

ಜಾತಿಯ ಮಾತು

ಹಲವು ಜಾತಿಯ ಮರಗಳ ದಿಮ್ಮಿಯನ್ನು ಅಡ್ಡಕೊಯ್ದರೆ ನಡುವೆ ಗಾಢ ಬಣ್ಣದ ಚೇಗು, ಅದರ ಸುತ್ತ ತಿಳಿಬಣ್ಣದ ಹೊರಪದರ ಕಾಣುತ್ತದೆ. ಮರ ಜೀವಂತವಾಗಿದ್ದಾಗ ನೀರು ಹರಿಯುವುದು ಈ ಹೊರಪದರದಲ್ಲಿ. ಅಲ್ಲಿ ಪಿಷ್ಟವೂ ಸಕ್ಕರೆಯೂ ಇರುವುದರಿಂದ ಹುಳು, ಗೆದ್ದಲುಗಳು ಮೊದಲು ಅದಕ್ಕೇ ಬಾಯಿ ಹಾಕುತ್ತವೆ. ತೇಗಕ್ಕೆ ಗೆದ್ದಲು ಹತ್ತುವುದಿಲ್ಲ ಎಂಬ ಮಾತು ಅದರ ಚೇಗಿಗೆ ಮಾತ್ರ ಸಲ್ಲುತ್ತದೆ. ಚೇಗಿನಲ್ಲಿರುವ ಎಣ್ಣೆಯಂಥ ದ್ರವ್ಯಗಳೇ ಅದಕ್ಕೆ ರಕ್ಷಣೆ. ಬಿಳಿ ಭಾಗದಲ್ಲಿ ಅವು ಇಲ್ಲ.

ಬರ್ಮಾ ತೇಗ ಎಂದು ಹೆಸರಾದ ಮಾಲು ಬಹುಕಾಲ ನಮ್ಮ ಮಾರುಕಟ್ಟೆಯ ಅಳತೆಗೋಲಾಗಿತ್ತು. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಆಫ್ರಿಕ ಹಾಗೂ ಲ್ಯಾಟಿನ್ ಅಮೆರಿಕಗಳ ನೆಡುತೋಪುಗಳ ತೇಗವೂ ಇಂದು ಮಳಿಗೆಗಳಲ್ಲಿದೆ. ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೇ ಕಡಿದ ಈ ಮರ ಬಲದಲ್ಲಿ ತೀರಾ ಕಡಿಮೆಯೇನಲ್ಲ. ಕೊರತೆ ಇರುವುದು ಚೇಗಿನ ಪ್ರಮಾಣದಲ್ಲಿ. ತೆಳ್ಳಗಿನ ದಿಮ್ಮಿಯಿಂದ ಕೊಯ್ದ ಹಲಗೆಯ ಒಂದು ಅಂಚು ಬೆಳ್ಳಗಿದ್ದೇ ಇರುತ್ತದೆ. ಆ ಅಂಚಿಗೆ ಬಣ್ಣ ಸವರಿ ಚೇಗಿನಂತೆ ತೋರಿಸುವುದು ಕಷ್ಟದ ಕೆಲಸವಲ್ಲ. ಆದ್ದರಿಂದ ತೇಗವನ್ನು ಪಾಲಿಶ್ ಆದ ಬಾಗಿಲಿನ ರೂಪದಲ್ಲಿ ಕೊಳ್ಳುವುದಕ್ಕಿಂತ ಬರಿಯ ಮರವಾಗಿಯೇ ನೋಡಿ ಕೊಳ್ಳುವುದು ಮೇಲು.

ಚೌಕಟ್ಟಿಗೆ, ಅಂದರೆ ಬಾಗಿಲುವಾಡಕ್ಕೆ, ತೇಗವೇ ಆಗಬೇಕೆಂಬುದಿಲ್ಲ. ಮಲೆನಾಡಿನ ಮನೆಗಳು ತಲೆಮಾರುಗಳಿಂದ ಮತ್ತಿ, ನಂದಿ, ಹೊನ್ನೆ, ಹಲಸುಗಳ ಮೇಲೆ ನಿಂತಿವೆ. ಮತ್ತಿ ಭಾರವಾದ, ಗಟ್ಟಿಯಾದ ಮರ. ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ. ಸಕ್ಕರೆ ಕಾಯಿಲೆಯವರು ನೀರಿಟ್ಟು ಕುಡಿಯುವ ಲೋಟದಿಂದ ನಗರವಾಸಿಗಳಿಗೆ ಪರಿಚಿತವಾದ ಹೊನ್ನೆ ನಿಜದಲ್ಲಿ ಉತ್ತಮ ಕಟ್ಟಡದ ಮರ. ಒದ್ದೆಯಾದರೆ ಸುಣ್ಣದ ಗೋಡೆಗೆ ಹಳದಿ ಕಲೆ ಬಿಡುತ್ತದೆ ಎಂಬುದೊಂದೇ ಎಚ್ಚರ. ಹಲಸಂತೂ ಅದರ ಯೋಗ್ಯತೆಗೆ ತಕ್ಕ ಬೆಲೆ ಪಡೆಯದ ಮರ. ಕೊಯ್ದಾಗ ಅರಿಸಿನದ ಬಣ್ಣ, ಬೆಳಕು ಗಾಳಿ ತಾಗುತ್ತ ಹೋದಂತೆ ಕೆಂಗಂದು. ವೀಣೆಯ ಕೊಡಕ್ಕೆ ಆರಿಸುವ ಈ ಮರ ಬಾಗಿಲಿಗೂ ಒಪ್ಪುತ್ತದೆ.

ಬೀಟೆಯ ಕಥೆ ಬೇರೆ. ಮೈಸೂರು ಅರಮನೆಯ ಕೆತ್ತನೆಯ ಬಾಗಿಲುಗಳಿಂದ ಇಂದಿನ ಇನ್‌ಲೇ ಚಿತ್ರಗಳವರೆಗೆ ಮೈಸೂರಿನ ಕುಶಲಕಲೆಗೆ ಹಿನ್ನೆಲೆಯಾಗಿ ನಿಂತದ್ದು ಇದರ ಕಡುಗಪ್ಪು ನೇರಳೆ ಬಣ್ಣ. ಹಿಂದೆ ಅದರಲ್ಲಿ ಕೂಡಿಸುತ್ತಿದ್ದ ದಂತದ ಜಾಗಕ್ಕೆ ಈಗ ಬೇರೆ ಬೇರೆ ಬಣ್ಣದ ಮರಗಳೂ ಪ್ಲಾಸ್ಟಿಕ್ಕೂ ಬಂದಿವೆ. ಬೀಟೆಯ ಕುಲವೇ 2017ರ ಜನವರಿಯಿಂದ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿದೆ. ನಮ್ಮಲ್ಲಿ ಸ್ವಂತ ಜಮೀನಿನ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿದು ಸಾಗಿಸುವಂತಿಲ್ಲ. ರಸೀದಿಯಿಲ್ಲದ ಬೀಟೆ ಅಗ್ಗಕ್ಕೆ ಸಿಕ್ಕರೂ ಮನೆಗೆ ತರಬಾರದು.

ಬೆಂಗಳೂರಿನ ಮಳಿಗೆಗಳಲ್ಲಿ ಸಿಗುವ ‘ಮಲೇಷಿಯನ್ ಸಾಲ್’ ಒಂದೇ ಜಾತಿಯಲ್ಲ; ಆಗ್ನೇಯ ಏಷ್ಯಾದ ಹಲವು ಗಟ್ಟಿಮರಗಳಿಗೆ ವ್ಯಾಪಾರಿಗಳು ಇಟ್ಟ ಹೆಸರು. ಹಾಲು ಬತ್ತಿದ ಮೇಲೆ ಕಡಿಯುವ ರಬ್ಬರ್ ಮರದಲ್ಲಿ ಪಿಷ್ಟ ಹೇರಳ. ಬೋರಾನ್ ಲವಣಗಳ ದ್ರಾವಣವನ್ನು ಒತ್ತಡದಿಂದ ಒಳತುಂಬಿಸಿದ್ದರೆ ಅದು ಒಳಾಂಗಣದ ಮೇಜು ಕುರ್ಚಿಗಳಿಗೆ ಸಾಕು, ಹೊರಬಾಗಿಲಿಗೆ ಸಲ್ಲದು. ಕಾಫಿ ತೋಟಗಳ ಸಿಲ್ವರ್ ಓಕ್ ಮುಖ್ಯವಾಗಿ ಪ್ಲೈವುಡ್ಡಿಗೂ ಪೆಟ್ಟಿಗೆಗಳಿಗೂ ಹೋಗುತ್ತದೆ.

ಒಣಗಿಸುವ ವಿದ್ಯೆ

ಆಗತಾನೆ ಉರುಳಿಸಿದ ಮರದಲ್ಲಿ ಒಣಮರದ ತೂಕದ ಅರ್ಧದಷ್ಟು, ಕೆಲವು ಜಾತಿಗಳಲ್ಲಿ ಅದಕ್ಕೂ ಮೀರಿ ನೀರಿರುತ್ತದೆ. ನಾರಿನ ಟೊಳ್ಳುಗಳಲ್ಲಿರುವ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವ ಸುಮಾರು ಶೇಕಡ 30ಕ್ಕಿಂತ ಕೆಳಗಿಳಿದ ಮೇಲೆ ನಾರಿನ ಗೋಡೆಯೊಳಗಿನ ನೀರು ಹೊರಡತೊಡಗುತ್ತದೆ. ಕುಗ್ಗುವಿಕೆ ಆರಂಭವಾಗುವುದು ಇಲ್ಲಿಂದ. ಉದ್ದದಲ್ಲಿ ಮರ ಕುಗ್ಗುವುದು ನಗಣ್ಯ. ಅಡ್ಡಲಾಗಿ ಕುಗ್ಗುತ್ತದೆ, ಅದೂ ಒಂದೇ ಸಮನಾಗಿ ಅಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ಉಂಗುರಗಳನ್ನು ಹಾದುಹೋಗುವ ದಿಕ್ಕಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹಲಗೆ ಬಟ್ಟಲಿನಂತೆ ಬಾಗುವುದರ ಗುಟ್ಟು ಇದೇ. ದಿಮ್ಮಿಯನ್ನು ನಡುವಿನಿಂದ ಅಂಚಿಗೆ, ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದರೆ ಬಾಗು ಕಡಿಮೆ. ಅದರಲ್ಲಿ ಮರ ಹೆಚ್ಚು ವ್ಯರ್ಥವಾಗುವುದರಿಂದ ಸಾಮಿಲ್ಲಿನವರು ತಾವಾಗಿ ಹಾಗೆ ಕೊಯ್ಯುವುದಿಲ್ಲ.

ಹೆಚ್ಚು ಕುಗ್ಗದ ಮರವೆಂದು ಹೆಸರಾದ ತೇಗವೂ ಶೇಕಡ 25ರ ತೇವದಲ್ಲಿ ಕೂಡಿಸಿ, ಮನೆಯೊಳಗೆ ಶೇಕಡ 12ಕ್ಕೆ ಇಳಿದರೆ 12 ಅಂಗುಲದ ಹಲಗೆಯಲ್ಲಿ ಸುಮಾರು ಕಾಲು ಅಂಗುಲ ಅಗಲ ಕಳೆದುಕೊಳ್ಳಬಹುದು. ಬೀಗದ ನಾಲಿಗೆ ತನ್ನ ತೂತಿಗೆ ಕೂಡದಿರಲು ಇಷ್ಟು ಸಾಕು. ತೇವ ಎಷ್ಟಿರಬೇಕೆಂಬುದು ಊರಿನ ಹವೆಯನ್ನು ಅವಲಂಬಿಸಿದೆ: ಕರಾವಳಿಯಲ್ಲಿ ನಿಶ್ಚಿಂತೆಯಿಂದಿರುವ ಬಾಗಿಲು ಕಲಬುರಗಿಯ ಬೇಸಿಗೆಯಲ್ಲಿ ಸಂದು ಬಿಡುತ್ತದೆ.

ಗಾಳಿಯಲ್ಲಿ ಒಣಗಿಸುವುದು ಹಳೆಯ ಕ್ರಮ. ಕೊಯ್ದ ಹಲಗೆಗಳನ್ನು ನೆಲದಿಂದ ಎತ್ತರಿಸಿ, ನಡುನಡುವೆ ಒಂದೇ ದಪ್ಪದ ರೀಪುಗಳನ್ನಿಟ್ಟು, ನೆರಳಿನಲ್ಲಿ ಒಟ್ಟುತ್ತಾರೆ. ತುದಿಗಳಿಂದ ನೀರು ಬೇಗ ಹೋಗಿ ಸೀಳದಿರಲೆಂದು ಅಲ್ಲಿಗೆ ಬಣ್ಣವನ್ನೋ ಮೇಣವನ್ನೋ ಬಳಿಯುತ್ತಾರೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಸ್ಥೂಲ ಲೆಕ್ಕ. ಶಾಖ ಮತ್ತು ತೇವವನ್ನು ಹತೋಟಿಯಲ್ಲಿಡುವ ಕೊಠಡಿಯಲ್ಲಾದರೆ ಈ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ‘ಸೀಸನ್ ಆಗಿದೆ’ ಎಂಬ ಮಾತನ್ನು ಪರೀಕ್ಷಿಸಲು ಎರಡು ಮೊಳೆಗಳ ಪುಟ್ಟ ತೇವಮಾಪಕವಿದೆ. ಅದೂ ಇಲ್ಲದಿದ್ದರೆ ಹಲಗೆಯ ನಡುಭಾಗದ ತುಂಡೊಂದನ್ನು ತೂಗಿ, ನೀರು ಕುದಿಯುವ ಶಾಖಕ್ಕಿಂತ ತುಸು ಮೇಲಿಟ್ಟ ಒಲೆಪೆಟ್ಟಿಗೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. 125 ಗ್ರಾಂ ಇದ್ದದ್ದು 110ಕ್ಕೆ ಇಳಿದರೆ ಹೋದ ನೀರು 15 ಗ್ರಾಂ. ಒಣತೂಕದ ಶೇಕಡ 13.6. ಒಳಬಾಗಿಲಿಗೆ ಇದು ತಕ್ಕಮಟ್ಟಿಗೆ ಸರಿ. ಜಾತಿಯ ಬಗ್ಗೆಯೇ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಗುರುತಿಸುವ ತಜ್ಞರಿದ್ದಾರೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಸಂಸ್ಥೆ ಅದು.

ಅಡಿಪಾಯದ ಕೆಲಸ ನಡೆಯುವಾಗಲೇ ಮರ ಕೊಂಡು ಒಟ್ಟಿಡುವುದು ಜಾಣತನ. ಗೋಡೆಯ ಗಿಲಾವು ಒಣಗುವ ಮುನ್ನವೇ ಬಾಗಿಲ ರೆಕ್ಕೆಗಳನ್ನು ತೂಗುಹಾಕಿದರೆ, ಎಷ್ಟೇ ಒಣಗಿದ ಮರವೂ ಆ ಹಸಿಯನ್ನು ಹೀರಿಕೊಳ್ಳುತ್ತದೆ.

ಅಳತೆಯ ಲೆಕ್ಕವನ್ನೂ ತಿಳಿದಿರಬೇಕು. ಅಡಿಯಲ್ಲಿ ಉದ್ದ, ಅಂಗುಲದಲ್ಲಿ ಅಗಲ ಮತ್ತು ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಹೊಸ್ತಿಲೂ ಸೇರಿ 22 ಅಡಿ ಬೇಡುವ, 5 ಅಂಗುಲಕ್ಕೆ 3 ಅಂಗುಲದ ಚೌಕಟ್ಟಿಗೆ ಸುಮಾರು 2.3 ಘನ ಅಡಿ ಮರ ಬೇಕು.

ಕೆಲಸ ಮತ್ತು ಮೆರುಗು

ಗರಗಸ, ಉಳಿ, ಬೈರಿಗೆ, ಉಜ್ಜುಗೊರಡುಗಳ ಬಹುಪಾಲು ಕೆಲಸವನ್ನು ಇಂದು ಯಂತ್ರಗಳು ಮಾಡುತ್ತವೆ. ತೇಗದೊಳಗಿನ ಮರಳಿನಂಥ ಸಿಲಿಕಾ ಯಂತ್ರದ ಅಲಗನ್ನೂ ಮೊಂಡಾಗಿಸುತ್ತದೆ. ಯಂತ್ರ ಬಂದರೂ ಒಳ್ಳೆಯ ಬಾಗಿಲಿನ ತತ್ವ ಬದಲಾಗಿಲ್ಲ. ಹೊರಚೌಕವನ್ನು ತೂತು ಮತ್ತು ನಾಲಿಗೆಯ ಸಂದಿನಿಂದ ಬಿಗಿಯಾಗಿ ಕೂಡಿಸಬೇಕು. ನಡುವಿನ ಹಲಗೆ ಮಾತ್ರ ಅಂಚಿನ ಗಾಡಿಯೊಳಗೆ ಸಡಿಲವಾಗಿ ಕುಳಿತಿರಬೇಕು. ಹಲಗೆ ಹಿಗ್ಗಲು ಕುಗ್ಗಲು ಇರುವ ಜಾಗ ಅದು. ಅಲ್ಲಿಗೆ ಗೋಂದು ಹಾಕಿ ಬಂಧಿಸಿದರೆ ಹಲಗೆ ಸೀಳಿಯೇ ತೀರುತ್ತದೆ.

ಮೆರುಗು ಕೊಡುವ ಮೊದಲು ಮರಳುಕಾಗದದಿಂದ 80, 120, 180, 220 ಹೀಗೆ ನುಣುಪಿನತ್ತ ಸಾಗುತ್ತ ಎಳೆಯ ಗುಂಟ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಬರಿಗಣ್ಣಿಗೆ ಕಾಣದು, ಪಾಲಿಶ್ ಬಿದ್ದೊಡನೆ ಎದ್ದು ಕಾಣುತ್ತದೆ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಪದರಪದರವಾಗಿ ಒರೆಸುವ ಫ್ರೆಂಚ್ ಪಾಲಿಶ್ ಕಣ್ಣಿಗೆ ಅತ್ಯಂತ ಹಿತ, ದುರಸ್ತಿಯೂ ಸುಲಭ. ಬಿಸಿ ಕಾಫಿಯ ಲೋಟ ಇಟ್ಟರೆ ಮಾತ್ರ ಬಿಳಿ ಉಂಗುರ ಮೂಡುತ್ತದೆ. ಇದೇ ಅರಗು ಚನ್ನಪಟ್ಟಣದಲ್ಲಿ ಬೇರೊಂದು ರೂಪ ತಾಳುತ್ತದೆ. ಆಲೆಮರದ ತುಂಡು ಕಡಚಲು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಕರಗಿ ಮರವನ್ನು ಆವರಿಸುತ್ತದೆ. ಆಮೇಲೆ ಕೇದಗೆ ಜಾತಿಯ ಗಿಡದ ಒಣ ಎಲೆಯಿಂದ ಒತ್ತಿದರೆ ಹೊಳಪು.

ಮೆಲಮೈನ್ ಗಟ್ಟಿಯಾದ ಪದರ. ಆದರೆ ಒಣಗುವಾಗ ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ವಾಸನೆ ಬಿಡುತ್ತದೆ, ಕಿಟಕಿ ತೆರೆದಿಡಬೇಕು. ಬಿಸಿಲು ಮಳೆ ತಾಗುವ ಮುಂಬಾಗಿಲಿಗೆ ಹೊರಾಂಗಣದ ಪಿಯು ಉತ್ತಮ. ಯಾವ ಮೆರುಗನ್ನೇ ಆರಿಸಿದರೂ ಬಾಗಿಲಿನ ತಲೆ ಮತ್ತು ಬುಡದ ಅಂಚುಗಳಿಗೂ ಬಳಿಸಬೇಕು. ಕಣ್ಣಿಗೆ ಬೀಳುವುದಿಲ್ಲವೆಂದು ಬಿಟ್ಟುಬಿಡುವ ಆ ಎರಡು ಅಂಚುಗಳಲ್ಲೇ ನಾರಿನ ಬಾಯಿಗಳು ತೆರೆದಿರುತ್ತವೆ, ನೀರು ಒಳಹೋಗುವುದೂ ಅಲ್ಲಿಂದಲೇ.

ಕರಾವಳಿಯಲ್ಲಿ ಮಾಡಿನ ಮರಗಳಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆ ಗೆದ್ದಲನ್ನು ದೂರವಿಡುತ್ತದೆ; ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುವುದರಿಂದ ಕೈಗವಸು ಬೇಕು. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಬಿಸಿ ಹುಟ್ಟಿ, ಕಿಡಿ ಸೋಕದೆಯೇ ಬಟ್ಟೆಗೆ ಬೆಂಕಿ ಹತ್ತಬಹುದು. ಬಯಲಿನಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.